ಎರಡು ಬೆರಳು ಸಡಿಲ

ನಮ್ಮ ಅತ್ತಿಗೆಗೆ ಒಂದು ಕೆಟ್ಟ ಚಟ ಇದೆ. ಎದುರಿಗೆ ಯಾವ ಗಂಡಸು ಬಂದರೂ ಅವಳ ಕಣ್ಣು ಮೊದಲು ಹೋಗುವುದು ಅವನ ಕಾಲರ್ ಮೇಲೆ. ಗುರುತಿನವನಾದರಂತೂ ಮುಗಿದೇ ಹೋಯಿತು, ಮಾತಾಡುತ್ತಾ ಆಡುತ್ತಾ ತೋರುಬೆರಳನ್ನು ಅವನ ಕಾಲರಿನೊಳಗೆ ತೂರಿಸಿ ಎಷ್ಟು ಜಾಗ ಇದೆ ಅಂತ ನೋಡಿಯೇ ಬಿಡುತ್ತಾಳೆ. ಹಲ್ಲಿನ ಡಾಕ್ಟರ ಹತ್ತಿರವೂ ಹೀಗೇ ಮಾಡಿದಳು. ಬಾಯಿ ಕಳೆದುಕೊಂಡು ಕುರ್ಚಿಗೆ ಒರಗಿದ್ದವಳು ಇದ್ದಕ್ಕಿದ್ದಂತೆ ಕೈ ಎತ್ತಿ ಅವರ ಕುತ್ತಿಗೆಗೆ ಹಾಕಿದಳಂತೆ. ಪಾಪ, ಆ ಮನುಷ್ಯ ಎರಡು ಹೆಜ್ಜೆ ಹಿಂದಕ್ಕೆ ಸರಿದರಂತೆ. ಮನೆಗೆ ಬಂದು ಇದನ್ನು ಹೇಳುವಾಗಲೂ ಅವಳಿಗೆ ನಾಚಿಕೆ ಇರಲಿಲ್ಲ. ಡಾಕ್ಟರ ಕಾಲರ್ ಬಿಗಿಯಾಗಿತ್ತು, ಅದಕ್ಕೇ ಅವರಿಗೆ ಸಿಡುಕು ಜಾಸ್ತಿ ಅಂದಳು.

ಅತ್ತಿಗೆ ಅಂದರೆ ನನ್ನ ಒಬ್ಬನೇ ಅಣ್ಣನ ಹೆಂಡತಿ, ನಾನು ಅವಳ ನಾದಿನಿ. ವಯಸ್ಸಿನಲ್ಲಿ ನನಗಿಂತ ಆರು ತಿಂಗಳು ಚಿಕ್ಕವಳು, ಹಾಗಾಗಿ ಮೊದಲ ದಿನದಿಂದಲೂ ನಮ್ಮಿಬ್ಬರದು ಏಕವಚನ, ಜಗಳವೂ ಸರಿಸಮ. ನಾನು ಬಸ್ ನಿಲ್ದಾಣದ ಎದುರಿಗೆ ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಲೈಸೆನ್ಸಿಗೆ, ಪಾಸ್‌ಪೋರ್ಟಿಗೆ, ಅರ್ಜಿಗೆ ಅಂಟಿಸುವ ಫೋಟೋ ತೆಗೆಯುವುದು ನನ್ನ ಕೆಲಸ. ದಿನಕ್ಕೆ ಮೂವತ್ತು ಮುಖ ನೋಡುತ್ತೇನೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಹೇಳಲಿ. ಈ ಕಥೆಯಲ್ಲಿ ನನ್ನ ಕೋಪಕ್ಕೂ ಸ್ವಲ್ಪ ಕೆಲಸ ಇದೆ.

ಅತ್ತಿಗೆ ದರ್ಜಿ. ನಾವು ಬಂದು ನೆಲೆಸಿರುವ ಈ ಪರದೇಶದಲ್ಲಿ ಸಿನಿಮಾಕ್ಕೆ, ಧಾರಾವಾಹಿಗೆ, ಜಾಹೀರಾತಿಗೆ ಬಟ್ಟೆ ಹೊಲಿದು ಕೊಡುವ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾಳೆ. ಉದ್ದನೆಯ ಹಾಲು, ಹನ್ನೊಂದು ಮೆಷಿನ್ನು, ಕಿಟಕಿ ಪಕ್ಕದ ಮೂರನೆಯದು ಅವಳದು. ಅಲ್ಲಿ ಕೆಲಸ ಬರುವುದು ಚೀಟಿಯಲ್ಲಿ. ಯಾವ ಪಾತ್ರ, ಎಷ್ಟು ವಯಸ್ಸು, ಎಂಥ ಮನುಷ್ಯ ಅಂತ ಬರೆದಿರುತ್ತದೆ. ಬೇರೆಯವರ ಚೀಟಿಗಳನ್ನು ನೋಡಬೇಕು ನೀವು, ಪುಟಗಟ್ಟಲೆ. ಇವನು ಚಿಕ್ಕಂದಿನಲ್ಲಿ ತಂದೆಯನ್ನು ಕಳೆದುಕೊಂಡವನು, ಮೀನು ಹಿಡಿಯುವುದು ಇಷ್ಟ, ಚಾಕು ಇಟ್ಟು ಇಟ್ಟು ಎಡಜೇಬು ತೂತಾಗಿದೆ. ಜೇಬಿನ ತೂತಿಗೂ ಒಂದು ಕಥೆ. ನಮ್ಮವರ, ಅಂದರೆ ಏಷ್ಯಾದಿಂದ ಬಂದವರ ಚೀಟಿಗೆ ಮಾತ್ರ ಒಂದು ಸಾಲು ಸಾಕು. ‘ಏಷ್ಯಾದ ಗಂಡಸು, ಗುಮಾಸ್ತ, ಸಾಧು.’ ‘ಏಷ್ಯಾದ ಹೆಂಗಸು, ಚೆಲುವೆ, ನಂಬಬಾರದು.’ ‘ಏಷ್ಯಾದ ತಾಯಿ, ಸದಾ ಬೈಯುವವಳು.’ ಭೂಪಟದಲ್ಲಿ ನೋಡಿದರೆ ಏಷ್ಯಾ ಅಷ್ಟಗಲ ಚಾಚಿಕೊಂಡು ಬಿದ್ದಿದೆ, ಆ ಕಾರ್ಖಾನೆಯ ಚೀಟಿಯಲ್ಲಿ ಇರುವುದು ಒಟ್ಟು ಮೂರೇ ಜನ. ಆ ಮೂವರಿಗೂ ಬಟ್ಟೆ ಹೊಲಿಯುವುದು ನಮ್ಮ ಅತ್ತಿಗೆ, ಯಾಕೆಂದರೆ ಸೇರಿದ ದಿನವೇ ಇವಳನ್ನು ನೋಡಿ, ನಿಮ್ಮವರದ್ದು ನಿನಗೇ ಚೆನ್ನಾಗಿ ಗೊತ್ತಿರುತ್ತೆ ಅಂದುಬಿಟ್ಟರಂತೆ.

ಅಂದವಳು ಅಲ್ಲಿನ ಮೇಲ್ವಿಚಾರಕಿ. ಸದಾ ಕೊರಳಲ್ಲಿ ಅಳತೆಯ ಟೇಪು ನೇತಾಡುವುದರಿಂದ ನಾವು ಅವಳನ್ನು ಟೇಪಮ್ಮ ಅಂತಲೇ ಕರೆಯುವುದು. ಟೇಪಮ್ಮ ಕೆಟ್ಟವಳಲ್ಲ, ಕೆಲಸ ಕಲಿಸಿದ್ದು ಅವಳೇ. ಗಂಡಸನ್ನು ಸಾಧು ಮಾಡಬೇಕೆಂದರೆ ಕಾಲರ್ ಎರಡು ಬೆರಳು ಸಡಿಲ ಇಡು, ಭುಜದ ಹೊಲಿಗೆಯನ್ನು ಒಂದು ಅಂಗುಲ ಕೆಳಗಿಳಿಸು, ತೋಳು ಬೆರಳಿನ ಗೆಣ್ಣು ಮುಟ್ಟಲಿ. ಸಿನಿಮಾ ನೋಡುವವರು ಅಂಗಿ ನೋಡುವುದಿಲ್ಲ, ಯಾರದೋ ದೊಡ್ಡವರ ಬಟ್ಟೆ ಹಾಕಿಕೊಂಡು ಬಂದವನಂತೆ ಅವನನ್ನು ನೋಡುತ್ತಾರೆ. ಚೆಲುವೆಗೆ ಮಂಡಿಯವರೆಗೆ ಬಿಗಿ, ಅರ್ಧ ಹೆಜ್ಜೆಗಿಂತ ಹೆಚ್ಚು ಇಡಲಾಗಬಾರದು. ತಾಯಿಗೆ ಗೋಣಿಚೀಲ. ಅತ್ತಿಗೆ ಇದನ್ನೆಲ್ಲ ಎಷ್ಟು ಚೆನ್ನಾಗಿ ಕಲಿತಳೆಂದರೆ, ಐದೂಮುಕ್ಕಾಲು ಅಡಿಯ ಗಟ್ಟಿಮುಟ್ಟಾದ ನಟನನ್ನು ಒಂದೇ ಅಂಗಿಯಲ್ಲಿ ಅರ್ಧ ಮಾಡಿ ಕೂರಿಸುತ್ತಿದ್ದಳು. ಅದಕ್ಕೆ ಅವಳಿಗೆ ಹೆಮ್ಮೆಯೂ ಇತ್ತು. ಇರಬಾರದೇನು? ಕೆಲಸ ಅಂದರೆ ಕೆಲಸ.

ಹೊಸ ಸಿನಿಮಾ ಬಂದರೆ ನಾವೆಲ್ಲ ಒಟ್ಟಿಗೆ ಹೋಗುತ್ತಿದ್ದೆವು. ಪರದೆಯ ಮೇಲೆ ನಮ್ಮಂಥವನೊಬ್ಬ ಕಾಣಿಸಿಕೊಂಡ ಕೂಡಲೇ ಅಣ್ಣ ಮೊಣಕೈಯಿಂದ ತಿವಿದು “ನಿಂದಾ?” ಅನ್ನುತ್ತಿದ್ದ. ಅವಳು “ಹೂಂ” ಅನ್ನುತ್ತಿದ್ದಳು. ಆ ಅಂಗಿಯವನು ಏನು ಮಾಡುತ್ತಾನೆ ಅಂತ ನಮಗೆ ಮೊದಲೇ ಗೊತ್ತು. ಕ್ಷಮಿಸಿ ಅನ್ನುತ್ತಾನೆ, ಇಲ್ಲವೇ ಏಟು ತಿನ್ನುತ್ತಾನೆ, ಇಲ್ಲವೇ ಕಂಪ್ಯೂಟರ್ ರಿಪೇರಿ ಮಾಡಿಕೊಟ್ಟು ಸಾಯುತ್ತಾನೆ. ಹುಡುಗಿಯನ್ನು ಪ್ರೀತಿಸಿದ್ದು ಮಾತ್ರ ಒಂದು ಸಲವೂ ನೋಡಲಿಲ್ಲ. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಎದ್ದು ಹೋಗೋಣ ಅಂತ ಗಲಾಟೆ ಮಾಡುತ್ತಿದ್ದೆ. ಆಮೇಲಾಮೇಲೆ ನಾನೂ ತಿಂಡಿ ಪೊಟ್ಟಣ ಬಿಚ್ಚಿಕೊಂಡು, ಇನ್ನು ಎಷ್ಟು ನಿಮಿಷಕ್ಕೆ ಸಾಯುತ್ತಾನೆ ಅಂತ ಪಂದ್ಯ ಕಟ್ಟತೊಡಗಿದೆ. ಈಗ ನೆನೆಸಿಕೊಂಡರೆ ಅಸಹ್ಯವಾಗುತ್ತದೆ.

ಅತ್ತಿಗೆಗೆ ಒಬ್ಬನೇ ಮಗ. ಚಿಕ್ಕವನಿದ್ದಾಗ ಬೀದಿಯಲ್ಲಿ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ, ಔಷಧಿ ಅಂಗಡಿಯಿಂದ ಹಿಡಿದು ‘ಇಲ್ಲಿ ಉಗುಳಬಾರದು’ವರೆಗೆ. ಅದಕ್ಕೇ ಅವನಿಗೆ ಗಿಳಿ ಅಂತ ಹೆಸರು. ಗಿಳಿಗೆ ಟಿವಿಯಲ್ಲಿ ವಾರ್ತೆ ಓದಬೇಕು. ಬೇರೆ ಏನೂ ಬೇಡ. ಒಂದು ಚಾನೆಲ್ಲಿನ ಹಿಂದಿನ ಕೋಣೆಯಲ್ಲಿ ಕೂತು ಹವಾಮಾನದ ಸಾಲುಗಳನ್ನು ಬರೆದು ಕೊಡುತ್ತಿದ್ದ, ಇನ್ನೊಬ್ಬರು ಓದುತ್ತಿದ್ದರು. ಓದುವ ಕುರ್ಚಿಗೆ ಎರಡು ಸಲ ಕ್ಯಾಮೆರಾದ ಮುಂದೆ ಕೂರಿಸಿ ಪರೀಕ್ಷೆ ಮಾಡಿದರು. ಎರಡು ಸಲವೂ ಒಂದೇ ಮಾತು. ದನಿ ಬಂಗಾರ, ಉಚ್ಚಾರ ಸ್ವಚ್ಛ, ಆದರೆ ಪರದೆ ಮೇಲೆ ಮೆತ್ತಗೆ ಕಾಣುತ್ತೀಯ, ಯಾರಿಗೋ ಕ್ಷಮೆ ಕೇಳುತ್ತಿರುವವನ ಹಾಗೆ. ಮೂರನೆಯ ಸಲ ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಂತ ನಿಗದಿಯಾಯಿತು. ಅದೇ ಕೊನೆ. ಅದೂ ತಪ್ಪಿದರೆ ಕುರ್ಚಿ ಬೇರೆಯವರಿಗೆ, ಇವನಿಗೆ ಹಿಂದಿನ ಕೋಣೆಯೇ ಕಾಯಂ.

ಆ ವಾರ ಅಣ್ಣನ ಮನೆಯಲ್ಲಿ ಯಾರೂ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಗಿಳಿ ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗುತ್ತಿದ್ದ. ಕನ್ನಡಿಯ ಮುಂದೆ ನಿಂತು ಎದೆ ಉಬ್ಬಿಸಿ ನೋಡುತ್ತಿದ್ದ, ಬೇಸರವಾಗಿ ಉಸಿರು ಬಿಡುತ್ತಿದ್ದ. ಅತ್ತಿಗೆ ಹೊಸ ಅಂಗಿ ಹೊಲಿಯುತ್ತಿದ್ದಳು. ಮೊದಲಿನೆರಡು ಪರೀಕ್ಷೆಗೂ ಅವಳೇ ಹೊಲಿದು ಕೊಟ್ಟಿದ್ದಳು. ಈ ಸಲ ಬಟ್ಟೆ ದುಬಾರಿಯದು, ತಿಳಿನೀಲಿ. ಹೊಲಿದ ಅಂಚನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಸೋಮವಾರ ಗಿಳಿ ನನ್ನ ಸ್ಟುಡಿಯೋಕ್ಕೆ ಬಂದ. ಅರ್ಜಿಗೆ ಹೊಸ ಫೋಟೋ ಬೇಕಿತ್ತು. ಹಿಂದಿನ ಪರೀಕ್ಷೆಗೆ ಹಾಕಿಕೊಂಡಿದ್ದ ಬಿಳಿ ಅಂಗಿಯಲ್ಲೇ ಬಂದಿದ್ದ, ಅಮ್ಮ ಹೊಲಿದದ್ದು. ಸ್ಟೂಲಿನ ಮೇಲೆ ಕೂರಿಸಿದೆ. ಗಲ್ಲ ಮೇಲೆ ಅಂದೆ, ಎತ್ತಿದ. ಬೆನ್ನು ನೆಟ್ಟಗೆ ಅಂದೆ, ಮಾಡಿದ. ಮೂರು ಸಲ ತೆಗೆದರೂ ಮೂರರಲ್ಲೂ ಇವನು ಸಾಹೇಬರ ಮುಂದೆ ನಿಂತ ಹಾಗೆಯೇ ಬಂದ. ನನಗೆ ರೇಗಿತು. ಎಂಥದೋ ನಿನ್ನ ಮುಖ, ಅಪ್ಪನ ಹಾಗೆಯೇ, ನಿನಗೆ ಬೆನ್ನುಮೂಳೆ ಇದೆಯೋ ಇಲ್ಲವೋ ಅಂತ ಬೈದೆ. ಸಿಟ್ಟಿನಲ್ಲಿ ಗೂಟದ ಮೇಲಿದ್ದ ಅಂಗಿ ತೆಗೆದು ಅವನ ಮೇಲೆ ಎಸೆದೆ. ಎಲ್ಲ ಸ್ಟುಡಿಯೋಗಳಲ್ಲೂ ಅಂಥದೊಂದು ಇರುತ್ತದೆ, ಬನಿಯನ್ನಿನಲ್ಲಿ ಬಂದ ಗಿರಾಕಿಗಳಿಗೆ ತೊಡಿಸುವುದಕ್ಕೆ. ಸಂತೆಯಲ್ಲಿ ಕೊಂಡ ಅಗ್ಗದ ಅಂಗಿ, ಕಂಕುಳಲ್ಲಿ ಹಳದಿ ಕಲೆ ಬೇರೆ. ಹಾಕಿಕೊಂಡು ಕೂತ. ಬಟನ್ ಒತ್ತಿದೆ.

ಕಂಪ್ಯೂಟರಿನಲ್ಲಿ ಎರಡು ಫೋಟೋ ಅಕ್ಕಪಕ್ಕ ಇಟ್ಟು ನೋಡಿದೆ. ಅದೇ ಮುಖ, ಅದೇ ಗಲ್ಲ, ಅದೇ ಬೆಳಕು. ಎಡಗಡೆಯವನು ಏಟಿಗೆ ಕಾಯುತ್ತಿದ್ದ. ಬಲಗಡೆಯವನು ವಾರ್ತೆ ಓದುವವನು. ಎಡಗಡೆಯದನ್ನು ದೊಡ್ಡದು ಮಾಡಿದೆ. ಕಾಲರಿಗೂ ಕುತ್ತಿಗೆಗೂ ನಡುವೆ ಎರಡು ಬೆರಳು ನೆರಳು. ಭುಜದ ಹೊಲಿಗೆ ಭುಜದಿಂದ ಕೆಳಗಿತ್ತು.

ಅಣ್ಣ ಬಸ್ ಡ್ರೈವರ್. ಐದು ವರ್ಷಕ್ಕೊಮ್ಮೆ ಲೈಸೆನ್ಸಿಗೆ ಅವನ ಫೋಟೋ ತೆಗೆಯುವುದು ನಾನೇ. ಎಲ್ಲ ಹುಡುಕಿ ತೆಗೆದೆ. ಒಂದರಲ್ಲೂ ಕಾಲರ್ ಕುತ್ತಿಗೆಗೆ ತಾಗಿಲ್ಲ. ಅತ್ತಿಗೆ ಆ ಕೆಲಸಕ್ಕೆ ಸೇರುವ ಮೊದಲಿನದೊಂದು ಹಳೆಯ ಫೋಟೋ ಇತ್ತು, ಅದರಲ್ಲಿ ಮಾತ್ರ ಅಂಗಿ ಅವನದೇ. ಅದರಲ್ಲಿ ನಮ್ಮಣ್ಣ ಎಂಥ ಗಂಡಸು ಗೊತ್ತೇನು? ಇಪ್ಪತ್ತು ವರ್ಷ ನಾನು ಇವನನ್ನು ಹೆದರುಪುಕ್ಕಲ ಅಂತ ಆಡಿಕೊಂಡಿದ್ದೆ. ಡಿಪೋದಲ್ಲಿ ಯಾವನೋ ಗದರಿಸಿದ ಅಂದರೆ, ನಿನ್ನನ್ನು ನೋಡಿದರೆ ಯಾರಿಗಾದರೂ ಗದರಿಸೋಣ ಅನ್ನಿಸುತ್ತೆ ಅಂತ ಬೇರೆ ಹೇಳಿದ್ದೆ.

ಅಂಗಡಿ ಬಾಗಿಲು ಎಳೆದುಕೊಂಡು, ಗಿಳಿಯನ್ನು ಅಲ್ಲೇ ಬಿಟ್ಟು, ಫೋಟೋಗಳ ಜೊತೆ ಅತ್ತಿಗೆಯ ಮನೆಗೆ ಹೋದೆ. ಯೋಚನೆ ಮಾಡಿ ಹೇಳುವ ಜಾಯಮಾನ ನನ್ನದಲ್ಲ. ಅವಳು ನೀಲಿ ಅಂಗಿಗೆ ಗುಂಡಿ ಕೂರಿಸುತ್ತಿದ್ದಳು. ಮೇಜಿನ ಮೇಲೆ ಫೋಟೋಗಳನ್ನು ಸಾಲಾಗಿ ಹಾಕಿ, ನೋಡು, ನಿನ್ನ ಗಂಡ ಮಗ ಇಬ್ಬರಿಗೂ ಆ ಗುಮಾಸ್ತನ ಅಂಗಿ ಹೊಲಿದು ತೊಡಿಸಿದ್ದೀಯ ಅಂದೆ.

ಮೊದಲು ಅವಳಿಗೆ ಸಿಟ್ಟು ಬಂತು. ಫೋಟೋ ತೆಗೆಯುವವಳು ನನಗೆ ಹೊಲಿಗೆ ಕಲಿಸಬೇಡ, ಇವರಿಬ್ಬರಿಗೂ ಅಳತೆ ತೆಗೆದೇ ಹೊಲಿಯುತ್ತೇನೆ ಅಂದಳು. ಟೇಪು ತೆಗೆದು ನೀಲಿ ಅಂಗಿಯ ಕಾಲರ್ ಅಳೆದಳು. ಹದಿನಾರೂವರೆ. ಪುಸ್ತಕದಲ್ಲಿ ಅವಳದೇ ಅಕ್ಷರದಲ್ಲಿ ಗಿಳಿಯ ಕುತ್ತಿಗೆ ಹದಿನೈದು. ಮತ್ತೊಮ್ಮೆ ಅಳೆದಳು. ಆಮೇಲೆ ಎದ್ದು ಬೀರುವಿನಿಂದ ಒಂದೊಂದೇ ಅಂಗಿ ತೆಗೆದು ಅಳೆಯುತ್ತಾ, ಮಂಚದ ಮೇಲೆ ಹಾಕುತ್ತಾ ಹೋದಳು. ಗಂಡನದು, ಮಗನದು, ಮಗ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಒಂದು ಪುಟ್ಟ ಅಂಗಿಯನ್ನು ನೆನಪಿಗೆ ಅಂತ ಇಟ್ಟಿದ್ದಳು, ಅದನ್ನೂ. ಎಲ್ಲದರಲ್ಲೂ ಎರಡು ಬೆರಳು.

“ನಾನು ಬೇಕಂತ ಮಾಡಿಲ್ಲ ಕಣೇ,” ಅಂದಳು. “ಕತ್ತರಿಸೋವಾಗ ನಮ್ಮೋರದು ಅಂತ ಅಂದ್ಕೊಂಡ್ರೆ ಸಾಕು, ಕೈ ತಾನಾಗೇ ಆ ಕಡೆ ಹೋಗುತ್ತೆ.”

ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ. ಮಂಚದ ಅಂಚಿನಲ್ಲಿ ಕೂತು ಆ ಪುಟ್ಟ ಅಂಗಿಯ ಕಾಲರಿನೊಳಗೆ ಬೆರಳು ಹಾಕುವುದು, ತೆಗೆಯುವುದು, ಹಾಕುವುದು, ತೆಗೆಯುವುದು ಮಾಡುತ್ತಿದ್ದಳು. ನಾನು ಯಾಕಾದರೂ ಹೇಳಿದೆನೋ ಅನ್ನಿಸಿತು. ಅಷ್ಟರಲ್ಲಿ ಅಣ್ಣ ಡ್ಯೂಟಿ ಮುಗಿಸಿ ಬಂದ. ಮಂಚ ನೋಡಿದ, ಫೋಟೋ ನೋಡಿದ, ಚಪ್ಪಲಿ ಬಿಡುತ್ತಾ ಸಡಿಲ ಅಂತ ತನಗೆ ಮೊದಲಿನಿಂದಲೂ ಗೊತ್ತಿತ್ತು ಅಂದ. ಹಾಗಾದರೆ ಹೇಳುವುದಕ್ಕೇನಾಗಿತ್ತು ಅಂತ ನಾನು ಹರಿಹಾಯ್ದೆ. ಅವನು ಹೆಂಡತಿಯ ಕಡೆ ನೋಡಿ, “ಹಗಲೆಲ್ಲ ಹೊಲಿದು ಬಂದು ಮತ್ತೆ ನನಗೂ ಹೊಲೀತಿದ್ಲು. ಅದರಲ್ಲಿ ತಪ್ಪು ಹುಡುಕ್ಲಾ?” ಅಂದ. ಆ ಮಾತಿಗೆ ಅವಳು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಂಗಳವಾರ ಅತ್ತಿಗೆ ರಜೆ ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ರಜೆ ಹಾಕಿದ್ದು ಹೆರಿಗೆಗೆ, ಹಲ್ಲಿಗೆ, ಈಗ ಇದಕ್ಕೆ. ಬೆಳಿಗ್ಗೆ ಒಂದು ಅಂಗಿ ಕತ್ತರಿಸಿದಳು, ಅದು ಮತ್ತೆ ಸಡಿಲ ಬಂತು. ಇನ್ನೊಂದು ಕತ್ತರಿಸಿದಳು, ಈ ಸಲ ಹಟಕ್ಕೆ ಬಿದ್ದು ಉಸಿರು ಕಟ್ಟುವಷ್ಟು ಬಿಗಿ ಮಾಡಿದಳು. ಬಟ್ಟೆ ಹಾಳಾಗುತ್ತಿತ್ತು. ಮನೆಯೊಳಗೆ ಅತ್ತಿಂದಿತ್ತ ಓಡಾಡಿದಳು, ಸೀಮೆಸುಣ್ಣ ಕಳೆದುಕೊಂಡಳು, ಅದು ಅವಳ ಮುಡಿಯಲ್ಲೇ ಇತ್ತು. ಕೊನೆಗೆ ಮಧ್ಯಾಹ್ನ ನನಗೆ ಫೋನ್ ಮಾಡಿ ಸ್ಟುಡಿಯೋದ ಆ ಸಂತೆ ಅಂಗಿ ತಂದುಕೊಡು ಅಂದಳು. ತಂದುಕೊಟ್ಟೆ. ಅದನ್ನು ಬಿಚ್ಚಿ, ತುಂಡು ತುಂಡಾಗಿ ಕಾಗದದ ಮೇಲೆ ಹರಡಿ, ಪೆನ್ಸಿಲಿನಿಂದ ಅದರ ಗೆರೆ ತೆಗೆದುಕೊಂಡಳು. ಊರಿನ ಸಿನಿಮಾಗಳಿಗೆಲ್ಲ ಹೊಲಿಯುವ ಕೈ, ಕಂಕುಳು ಹಳದಿಯಾದ ಅಂಗಿಯನ್ನು ನಕಲು ಮಾಡುತ್ತಾ ಕೂತಿತ್ತು. ತಮಾಷೆ ಮಾಡೋಣ ಅಂತ ಬಾಯಿ ತೆರೆದವಳು, ಬದಲಿಗೆ ಕಾಗದ ಸರಿಯದಂತೆ ಅಂಚು ಹಿಡಿದುಕೊಂಡೆ. ಬುಧವಾರ ಸಂಜೆ ಗುಂಡಿಗೆ ಕಾಜಾ ಹೊಲಿದು, ಗಿಳಿಗೆ ತೊಡಿಸಿ, ಬೆರಳು ಹಾಕಿ ನೋಡಿದಳು. ಒಂದು ಬೆರಳು ಹಿಡಿಸಿತು, ಎರಡನೆಯದು ಹೋಗಲಿಲ್ಲ.

ಗುರುವಾರ ನಾವಿಬ್ಬರೂ ಅವನ ಜೊತೆ ಹೋದೆವು. ಒಳಗೆ ಬಿಡುವುದಿಲ್ಲ, ಹಾಗಾಗಿ ಚಾನೆಲ್ ಕಟ್ಟಡದ ಎದುರಿಗಿದ್ದ ಬೆಂಚಿನ ಮೇಲೆ ಕೂತೆವು. ಗಿಳಿ ಮೆಟ್ಟಿಲು ಹತ್ತುವಾಗ ಕಾವಲಿನವನು ಎದ್ದು ನಿಂತು ಬಾಗಿಲು ತೆರೆದ. ಅತ್ತಿಗೆ ನನ್ನ ತೊಡೆ ಚಿವುಟಿ ನೋಡಿದ್ಯಾ ಅಂದಳು. ನೋಡಿದೆ ಅಂದೆ. ಅಷ್ಟು ದಿನ ಅವನು ಎದ್ದು ನಿಂತಿರಲಿಲ್ಲವಂತೆ. ಆ ಒಂದು ಗಂಟೆ ಅವಳು ಬೆಂಚಿನ ಮೇಲೆ ಕೂತದ್ದಕ್ಕಿಂತ ಎದ್ದದ್ದೇ ಹೆಚ್ಚು. ಕೈಚೀಲದ ಜಿಪ್ಪನ್ನು ಎಳೆದು ಎಳೆದು ಕಿತ್ತೇಬಿಟ್ಟಳು. ಈ ಕುರ್ಚಿ ಸಿಗದೇ ಹೋದರೆ ಮಗನ ಬಾಳು ಹಾಳು ಮಾಡಿದವಳು ತಾನೇ ಅಂತ ಹತ್ತು ಸಲ ಹೇಳಿದಳು, ನಾನು ಹತ್ತು ಸಲ ಬಾಯಿ ಮುಚ್ಚು ಅಂದೆ.

ಹನ್ನೊಂದೂಕಾಲಿಗೆ ಗಿಳಿ ಹೊರಗೆ ಬಂದ. ಮುಖ ನೋಡಿದ ಕೂಡಲೇ ಗೊತ್ತಾಯಿತು. ಬಂದವನು ನಮ್ಮ ಮುಂದೆ ನಿಂತ, ಕೂರಲಿಲ್ಲ.

“ಆಗಲಿಲ್ಲ ಅಮ್ಮ,” ಅಂದ. “ಮೊದಲು ಮೆತ್ತಗೆ ಅಂದಿದ್ರು. ಇವತ್ತು ಜಂಭ ಕಾಣುತ್ತೆ ಅಂದ್ರು. ನಿಮ್ಮೋರು ಹೀಗೆ ಕೂತ್ರೆ ನೋಡೋ ಜನಕ್ಕೆ ಹಿಡಿಸಲ್ವಂತೆ. ಆ ಮೊದಲಿನ ನಮ್ರತೆ ಎಲ್ಲಿ ಹೋಯ್ತು ಅಂತ ಕೇಳಿದ್ರು.”

ನನ್ನ ಬಾಯಿಗೆ ಏನೇನು ಬಂತೋ ಅದನ್ನೆಲ್ಲ ಇಲ್ಲಿ ಬರೆಯಲಾಗದು. ಕಾವಲಿನವನು ಈ ಕಡೆ ತಿರುಗಿ ನೋಡುವಷ್ಟು ಬೈದೆ. ಹಾಗಾದರೆ ತಪ್ಪು ಕಾಲರಿನದಲ್ಲ ಅಂತ ಅತ್ತಿಗೆ ತನ್ನಷ್ಟಕ್ಕೇ ಅಂದದ್ದು ನನಗೆ ಕೇಳಿಸಿತು. ಒಂದು ಗಳಿಗೆ ಅವಳ ಮುಖ ಹಗುರಾಯಿತು. ಮಗ ಸೋತು ನಿಂತಿರುವಾಗ ತನಗೆ ಹಗುರಾಯಿತಲ್ಲ ಅಂತ ಮರುಗಳಿಗೆಯೇ ನಾಚಿಕೆಯಾಗಿ ತಲೆ ತಗ್ಗಿಸಿದಳು. ಗಿಳಿ ನಿಂತಲ್ಲೇ ಕಾಲರಿನ ಗುಂಡಿ ಬಿಚ್ಚಲು ಕೈ ಎತ್ತಿದ. ಆಗ ಅವಳು ಎದ್ದಳು. ಅವನ ಕೈ ಹಿಡಿದು ಕೆಳಗಿಳಿಸಿದಳು. ತನ್ನ ಬೆರಳು ಕಾಲರಿನೊಳಗೆ ಹಾಕಿದಳು. ಒಂದು ಹಿಡಿಸಿತು.

“ಬಿಚ್ಚಬೇಡ,” ಅಂದಳು. “ಅಂಗಿ ಸರಿ ಇದೆ.”

ಅಲ್ಲಿಂದ ಮನೆಯವರೆಗೆ ನಡೆದೇ ಬಂದೆವು. ಬಿಸಿಲಿತ್ತು. ಅವನು ಗುಂಡಿ ಬಿಚ್ಚಲಿಲ್ಲ.

ಗಿಳಿ ಈಗಲೂ ಹಿಂದಿನ ಕೋಣೆಯಲ್ಲೇ ಇದ್ದಾನೆ. ಬೇರೆ ಎರಡು ಕಡೆ ಅರ್ಜಿ ಹಾಕಿದ್ದಾನೆ, ಉತ್ತರ ಬಂದಿಲ್ಲ, ಅವನ ಓಡಾಟ ನಿಂತಿಲ್ಲ. ಅತ್ತಿಗೆಯೂ ಕೆಲಸ ಬಿಡಲಿಲ್ಲ. ಆದರೆ ಶುಕ್ರವಾರ ಕಾರ್ಖಾನೆಗೆ ಹೋದವಳು, ಗೋಡೆಯ ಮೊಳೆಗೆ ನೇತುಹಾಕಿದ್ದ ಏಷ್ಯಾದ ಗಂಡಸಿನ ಅಂಗಿ ಕತ್ತರಿಸುವ ಕಾಗದದ ಅಚ್ಚನ್ನು ಇಳಿಸಿ, ಕಾಲರಿನಿಂದ ಎರಡು ಬೆರಳು, ಭುಜದಿಂದ ಒಂದು ಅಂಗುಲ ಕತ್ತರಿಸಿ ಮತ್ತೆ ಅಲ್ಲೇ ತೂಗಿಹಾಕಿದಳು. ಅದು ಬದಲಾದದ್ದು ಟೇಪಮ್ಮನಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದಳೋ, ನನಗೆ ತಿಳಿಯದು.

ಕಳೆದ ತಿಂಗಳು ಆ ಅಚ್ಚಿನ ಮೊದಲ ಅಂಗಿ ಪರದೆಗೆ ಬಂತು. ಎಲ್ಲರೂ ಹೋದೆವು. ಕಥೆ ಏನೂ ಬದಲಾಗಿಲ್ಲ. ಒಂದು ಕಚೇರಿ, ಒಬ್ಬ ನಮ್ಮಂಥ ಗುಮಾಸ್ತ, ಯಜಮಾನ ಬಂದು ಎಲ್ಲರೆದುರಿಗೆ ಅವನ ಕೆನ್ನೆಗೆ ಹೊಡೆಯುತ್ತಾನೆ, ಇವನು ಕ್ಷಮಿಸಿ ಅನ್ನುತ್ತಾನೆ. ಅಣ್ಣ ಮೊಣಕೈಯಿಂದ ತಿವಿದು “ನಿಂದಾ?” ಅಂದ. ಅವಳು “ಹೂಂ” ಅಂದಳು. ಅಣ್ಣನ ಅಂಗಿಯೂ ಹೊಸದೇ. ಏಟು ಬಿದ್ದಾಗ ಯಾವಾಗಲೂ ನಗುವ ಜನ ಅವತ್ತು ನಗಲಿಲ್ಲ. ನಮ್ಮ ಹಿಂದಿನ ಸಾಲಿನಲ್ಲಿ ಗುರುತು ಪರಿಚಯವಿಲ್ಲದ ಒಬ್ಬ ಮುದುಕ ಪಕ್ಕದವಳಿಗೆ, ಇಷ್ಟು ಗಟ್ಟಿಯಾಗಿರುವವನು ಯಾಕೆ ಸುಮ್ಮನೆ ಹೊಡೆಸಿಕೊಳ್ಳುತ್ತಾನೆ, ತಿರುಗಿಸಿ ಒಂದು ಕೊಡಬಾರದೇ ಅಂತ ಕೇಳುತ್ತಿದ್ದ. ಅತ್ತಿಗೆ ಕತ್ತಲಲ್ಲಿ ನನ್ನ ಕೈ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಳು, ಸಿನಿಮಾ ಮುಗಿಯುವವರೆಗೂ ಬಿಡಲಿಲ್ಲ.